ಹಾಕಿದ್ದೆಲ್ಲ ಮೈಗೆ ಹತ್ತುವುದಿಲ್ಲ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳು ಕಾಯಕದ ಬಗ್ಗೆ ಮಾತಾಡಬೇಕು ಎಂದು ಪೂಜ್ಯರು ಅಪ್ಪಣೆ ಕೊಡಿಸಿದರು. ಕಾಯಕದ ತತ್ವ ಹೇಳುವಷ್ಟು ಓದಿದವನು ನಾನಲ್ಲ. ನನಗೆ ಗೊತ್ತಿರುವುದು ಒಂದೇ ಕಾಯಕ, ದನದ ಡಾಕ್ಟರನದು. ಅದರಲ್ಲಿ ಕಲಿತದ್ದನ್ನೇ ಹೇಳುತ್ತೇನೆ ಎಂದೆ. ಅದೇ ಸಾಕು ಎಂದರು.

ನಾನು ಜೋಳದ ಸೀಮೆಯಲ್ಲಿ ಹುಟ್ಟಿದವನು. ಆದರೆ ನನ್ನ ನೌಕರಿಯ ಬಹುಪಾಲು ಕಳೆದದ್ದು ಘಟ್ಟದ ಕೆಳಗೆ, ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಹಳ್ಳಿಗಳಲ್ಲಿ. ಅಲ್ಲಿ ನಮ್ಮ ಹಾಗೆ ಊರೆಂದರೆ ಒಟ್ಟಾಗಿ ಕಟ್ಟಿದ ಮನೆಗಳಲ್ಲ. ಗುಡ್ಡಕ್ಕೊಂದು ಮನೆ, ಮನೆಗೊಂದು ಅಡಿಕೆ ತೋಟ, ತೋಟದ ಮೇಲ್ಬದಿಗೆ ಹಟ್ಟಿ. ಹಟ್ಟಿ ಎಂದರೆ ನಮ್ಮ ಕೊಟ್ಟಿಗೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅಷ್ಟು ಮಳೆ ಬಿದ್ದರೂ ಅಲ್ಲಿ ಒಣಮೇವಿಗೆ ಬರ. ಗದ್ದೆಗಳೆಲ್ಲ ಅಡಿಕೆ, ರಬ್ಬರ್ ತೋಟಗಳಾಗಿವೆ. ದನಕ್ಕೆ ಬೇಕಾದ ಬೈಹುಲ್ಲು ಘಟ್ಟದ ಮೇಲಿಂದ ಲಾರಿಯಲ್ಲಿ ಇಳಿದು ಬರಬೇಕು. ಹಾಗಾಗಿ ಅಲ್ಲಿನ ರೈತ ಹುಲ್ಲನ್ನು ಎಣಿಸಿ ಹಾಕುತ್ತಾನೆ, ಹಿಂಡಿಯನ್ನು ಎಣಿಸದೆ ಹಾಕುತ್ತಾನೆ. ನಾನು ಕಂಡ ಅರ್ಧ ರೋಗಗಳ ಮೂಲ ಈ ಒಂದು ಮಾತಿನಲ್ಲಿದೆ.

ನಿಮ್ಮಲ್ಲಿ ಕೆಲವರು, ಕರಾವಳಿಯ ಕಥೆ ನಮಗೇಕೆ, ನಮ್ಮಲ್ಲಿ ಕಣಿಕೆ ಇದೆ, ಶೇಂಗಾ ಹೊಟ್ಟಿದೆ ಎನ್ನಬಹುದು. ದನದ ಹೊಟ್ಟೆ ಘಟ್ಟದ ಮೇಲೂ ಒಂದೇ, ಕೆಳಗೂ ಒಂದೇ. ಅದರ ನಿಯಮ ತಿಳಿದರೆ ಕಣಿಕೆಗೂ ಅದೇ ಲೆಕ್ಕ, ಬೈಹುಲ್ಲಿಗೂ ಅದೇ ಲೆಕ್ಕ.

ಆ ನಿಯಮ ಏನು? ಆಕಳು ಹುಲ್ಲು ತಿನ್ನುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಹುಲ್ಲನ್ನು ಜೀರ್ಣಿಸುವ ಶಕ್ತಿ ಆಕಳಿಗೆ ಇಲ್ಲ. ಅದರ ಒಳಗೆ ರೂಮೆನ್ ಎನ್ನುವ ದೊಡ್ಡ ಹೊಟ್ಟೆಯಿದೆ. ಮಿಶ್ರತಳಿ ಹಸುವಿನಲ್ಲಿ ಅದು ನೂರು ಲೀಟರಿನ ಆಸುಪಾಸು ಹಿಡಿಯುವ ಹಗೇವು ಎಂದುಕೊಳ್ಳಿ. ಅದರ ತುಂಬ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು. ಹುಲ್ಲಿನ ನಾರನ್ನು ಒಡೆಯುವವು ಅವು. ಅವು ಒಡೆದು ಬಿಟ್ಟ ಆಮ್ಲಗಳನ್ನು ಹೀರಿಕೊಂಡು ಹಸು ಬದುಕುತ್ತದೆ. ಕೊನೆಗೆ ಆ ಜೀವಿಗಳೇ ಮುಂದಿನ ಹೊಟ್ಟೆಗೆ ಜಾರಿ ಹಸುವಿಗೆ ಪ್ರೋಟೀನ್ ಆಗುತ್ತವೆ. ಆದ್ದರಿಂದ ಗೋದಲಿಯಲ್ಲಿ ನಾವು ಮೇವು ಹಾಕುವುದು ಮೊದಲು ಈ ಜೀವಿಗಳಿಗೆ, ಆಮೇಲೆ ಹಸುವಿಗೆ. ಅವು ಉಂಡರೆ ಹಸು ಉಂಡಂತೆ. ಅವು ಸತ್ತರೆ ಹೊಟ್ಟೆ ತುಂಬಿದ್ದರೂ ಹಸು ಉಪವಾಸ.

ಇದನ್ನು ನಾನು ಕಾಲೇಜಿನಲ್ಲಿ ಪುಸ್ತಕದಿಂದ ಕಲಿತಿದ್ದೆ. ಅರ್ಥವಾದದ್ದು ಮೂರು ಹಟ್ಟಿಗಳಲ್ಲಿ.

ಮೊದಲನೆಯದು ಮೂಡಬಿದಿರೆಯ ಕಡೆಯದು. ಆಷಾಢದ ಮಳೆ. ಮನೆಯೊಡತಿ ಹೇಳಿ ಕಳಿಸಿದ್ದರು. ಹೋಗಿ ನೋಡಿದರೆ ಹಸುವಿನ ಹೊಟ್ಟೆ ಡೊಳ್ಳಿನಂತಿದೆ, ಬೆನ್ನಿನ ಎಲುಬು ಎಣಿಸಬಹುದು. ಗೋದಲಿಯಲ್ಲಿ ನಿನ್ನೆಯ ಬೈಹುಲ್ಲು ಹಾಗೇ ಉಳಿದಿದೆ.

“ಡಾಕ್ಟ್ರೇ, ಹುಲ್ಲು ಬೇಕಾದಷ್ಟು ಉಂಟು. ಇದಕ್ಕೆ ಹಸಿವೆಯೇ ಇಲ್ಲ ಮಾರಾಯ್ರೇ. ಹಸಿವೆಗೆ ಒಂದು ಸೂಜಿ ಹಾಕಿ” ಎಂದರು ಆ ಅಕ್ಕ.

“ಹುಲ್ಲಿನ ಜೊತೆ ಬೇರೇನು ಹಾಕುತ್ತೀರಿ ಅಕ್ಕಾ?” ಎಂದೆ.

“ಅಕ್ಕಚ್ಚು ಕೊಡ್ತೇನೆ. ಕರಾವು ಇಲ್ಲ ಅಲ್ವಾ, ಹಿಂಡಿ ಯಾಕೆ?”

ಅಕ್ಕಚ್ಚು ಎಂದರೆ ಅಕ್ಕಿ ತೊಳೆದ ನೀರು, ನಮ್ಮ ಕಲಗಚ್ಚು. ಬೈಹುಲ್ಲಿನಲ್ಲಿ ಪ್ರೋಟೀನ್ ಇರುವುದು ನೂರಕ್ಕೆ ಮೂರು ನಾಲ್ಕು ಪಾಲು. ಹೊಟ್ಟೆಯೊಳಗಿನ ಜೀವಿಗಳು ಬದುಕಿ ಬೆಳೆಯಬೇಕಾದರೆ ಒಟ್ಟು ಮೇವಿನಲ್ಲಿ ಕಡಿಮೆಯೆಂದರೂ ಏಳು ಪಾಲು ಬೇಕು. ಅಷ್ಟು ಸಿಗದಿದ್ದಾಗ ಅವು ಕ್ಷೀಣಿಸುತ್ತವೆ. ನಾರು ಒಡೆಯುವುದು ನಿಧಾನವಾಗುತ್ತದೆ. ತಿಂದ ಹುಲ್ಲು ಹೊಟ್ಟೆಯಲ್ಲೇ ಕೂರುತ್ತದೆ. ಮುಂದೆ ಜಾಗ ಖಾಲಿಯಾಗದೆ ಹಸು ಮತ್ತೆ ತಿನ್ನುವುದೆಲ್ಲಿ? ಅದಕ್ಕೆ ಹಸಿವೆ ಇಲ್ಲದೆ ಅಲ್ಲ, ಜಾಗ ಇಲ್ಲ.

ನಾನು ಸೂಜಿ ಹಾಕಲಿಲ್ಲ. ದಿನಕ್ಕೆ ಒಂದು ಕಿಲೋ ತೆಂಗಿನ ಹಿಂಡಿ, ಬೇಲಿಯಲ್ಲಿದ್ದ ಗ್ಲಿರಿಸಿಡಿಯಾ ಸೊಪ್ಪನ್ನು ಕಡಿದು ಸ್ವಲ್ಪ ಬಾಡಿಸಿ ಎರಡು ಮೂರು ಕಿಲೋ, ಒಂದು ಹಿಡಿ ಖನಿಜ ಮಿಶ್ರಣ ಕೊಡಿ ಎಂದೆ. ಹುಲ್ಲನ್ನು ಕತ್ತರಿಸಿ ಹಾಕಿ ಎಂದೆ. ಹತ್ತು ದಿನ ಬಿಟ್ಟು ಹೋದಾಗ ಗೋದಲಿ ಖಾಲಿಯಾಗಿತ್ತು. ಅದೇ ಹುಲ್ಲು, ಅದೇ ಹಸು. ಸ್ವಲ್ಪ ಹಿಂಡಿ ಹಾಕಿದ್ದಕ್ಕೆ ಹಸು ಹೆಚ್ಚು ಹುಲ್ಲು ತಿಂದಿತು, ತಿಂದದ್ದು ಹೆಚ್ಚು ಜೀರ್ಣವಾಯಿತು. ಬಡ ಮೇವಿಗೆ ಅಷ್ಟಿಷ್ಟು ಒಳ್ಳೆಯದನ್ನು ಬೆರೆಸಿದರೆ ಆ ಬಡ ಮೇವಿನ ಬೆಲೆಯೇ ಏರುತ್ತದೆ.

ಹಿಂಡಿ ಕೊಳ್ಳಲು ಆಗದವರಿಗೆ ಇನ್ನೊಂದು ದಾರಿಯಿದೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು ಒತ್ತಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಇಡಬೇಕು. ತೆಗೆದ ಮೇಲೆ ಒಂದಿಷ್ಟು ಹೊತ್ತು ಗಾಳಿಗೆ ಹರಡಿ ಘಾಟು ಹೋದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುವಿಗೆ ಇದು ಬೇಡ. ಯೂರಿಯಾ ನೀರನ್ನು ದನ ಕುಡಿದರೆ ಪ್ರಾಣ ಹೋಗುತ್ತದೆ, ಬಕೆಟ್ ಎಲ್ಲೆಂದರಲ್ಲಿ ಇಡಬೇಡಿ. ಮೊದಲ ಸಲ ನಿಮ್ಮೂರಿನ ಪಶುವೈದ್ಯರನ್ನು ನಿಲ್ಲಿಸಿಕೊಂಡೇ ಮಾಡಿ.

ಎರಡನೆಯದು ಬೆಳ್ತಂಗಡಿ ತಾಲೂಕಿನದು, ಚಾರ್ಮಾಡಿ ಘಟ್ಟದ ಬುಡದ ಊರು. ಆ ಅಣ್ಣ ಮಿಶ್ರತಳಿಯ ದೊಡ್ಡ ಹಸುವೊಂದನ್ನು ಸಾಲ ಮಾಡಿ ತಂದಿದ್ದರು. ಹತ್ತು ಲೀಟರ್ ಕರೆಯುತ್ತಿತ್ತು. ಹದಿನೈದು ಆಗಲಿ ಎಂಬ ಆಸೆ. ಬೆಳಿಗ್ಗೆ ನಾಲ್ಕೂವರೆ ಕಿಲೋ, ಸಂಜೆ ನಾಲ್ಕೂವರೆ ಕಿಲೋ ಹಿಂಡಿ, ಅದಕ್ಕೆ ಜೋಳದ ಹುಡಿ ಬೇರೆ. ಹುಲ್ಲು ಮಾತ್ರ ಎರಡು ಸೂಡಿ. ಹಾಲು ಹದಿನೈದಾಗಲಿಲ್ಲ. ಒಂದು ವಾರ ಹನ್ನೊಂದಾಗಿ ಮತ್ತೆ ಒಂಬತ್ತಕ್ಕೆ ಇಳಿಯಿತು. ಹಾಲಿನ ಸಂಘದಲ್ಲಿ ಫ್ಯಾಟ್ ಕಡಿಮೆ ಬಂತು, ದರ ಇಳಿಯಿತು. ಸಂಘದ ಯಂತ್ರವೇ ಸರಿಯಿಲ್ಲ ಎಂದು ಅವರು ಜಗಳವಾಡಿ ಬಂದಿದ್ದರು. ಹಸು ಕುಂಟುತ್ತಿದೆ ಎಂದು ನನ್ನನ್ನು ಕರೆದರು.

ನಾನು ಕಾಲು ನೋಡುವ ಮೊದಲು ಸಗಣಿ ನೋಡಿದೆ. ತೆಳ್ಳಗೆ, ನೊರೆನೊರೆ, ಹುಳಿ ವಾಸನೆ. ಒಂದು ಹಿಡಿಯಷ್ಟನ್ನು ಜರಡಿಗೆ ಹಾಕಿ ನೀರು ಬಿಟ್ಟು ತೊಳೆದೆ. ಜರಡಿಯಲ್ಲಿ ಜೋಳದ ನುಚ್ಚು ಹಾಗೇ ಉಳಿಯಿತು. “ಅಣ್ಣಾ, ನೀವು ದುಡ್ಡು ಕೊಟ್ಟು ತಂದದ್ದು ಇಲ್ಲಿದೆ ನೋಡಿ” ಎಂದು ತೋರಿಸಿದೆ. ಅವರು ಬಹಳ ಹೊತ್ತು ಜರಡಿ ನೋಡುತ್ತ ನಿಂತರು.

ಇಲ್ಲಿ ನಡೆದದ್ದು ಎರಡು. ಒಂದು, ವೇಗ. ಹುಲ್ಲು ಆ ದೊಡ್ಡ ಹೊಟ್ಟೆಯಲ್ಲಿ ಎರಡು ಮೂರು ದಿನ ಇದ್ದು ನಿಧಾನವಾಗಿ ಕರಗಬೇಕು. ಮೇಲಿಂದ ಮೇಲೆ ತುಂಬಿದರೆ ಹಿಂದಿನದು ಕರಗುವ ಮೊದಲೇ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಹಸು ಹಾಲಿಲ್ಲದೆ, ಬೆಳವಣಿಗೆ ಇಲ್ಲದೆ ಬರೀ ಜೀವ ಹಿಡಿದಿರಲು ಬೇಕಾದಷ್ಟು ಆಹಾರವನ್ನು ಒಂದು ಪಾಲು ಎಂದುಕೊಳ್ಳಿ. ಎರಡು ಪಾಲು, ಮೂರು ಪಾಲು ಎಂದು ಏರಿಸುತ್ತ ಹೋದಂತೆ, ಪ್ರತಿ ಹೆಚ್ಚಿನ ಪಾಲಿಗೆ ಜೀರ್ಣವಾಗುವ ಅಂಶ ಸುಮಾರು ನೂರಕ್ಕೆ ನಾಲ್ಕರಂತೆ ಇಳಿಯುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1989ರ ತನ್ನ ಹೈನುರಾಸು ಪೋಷಣೆಯ ಪುಸ್ತಕದಲ್ಲಿ ಲೆಕ್ಕ ಹಿಡಿದಿತ್ತು. ಹೆಚ್ಚು ಹಾಕಲೇಬಾರದು ಎಂದು ಇದರ ಅರ್ಥವಲ್ಲ. ಹಾಲು ಕೊಡುವ ಹಸುವಿಗೆ ಹೆಚ್ಚು ಬೇಕೇ ಬೇಕು, ಹೆಚ್ಚು ತಿಂದಾಗ ಒಟ್ಟು ಸಿಗುವುದೂ ಹೆಚ್ಚೇ. ಆದರೆ ಐದನೆಯ ಕಿಲೋ ಕೊಟ್ಟಷ್ಟನ್ನು ಒಂಬತ್ತನೆಯ ಕಿಲೋ ಕೊಡುವುದಿಲ್ಲ. ಅದರ ಬೆಲೆ ಮಾತ್ರ ಅಷ್ಟೇ ಇರುತ್ತದೆ.

ಎರಡನೆಯದು, ಹುಳಿ. ಹಸು ಮೆಲುಕು ಹಾಕುವಾಗ ಜೊಲ್ಲು ಸುರಿಯುತ್ತದೆ. ದಿನಕ್ಕೆ ನೂರು ಲೀಟರಿನ ಆಸುಪಾಸು. ಆ ಜೊಲ್ಲಿನಲ್ಲಿ ನಮ್ಮ ಅಡುಗೆ ಸೋಡಾದಲ್ಲಿರುವ ಕ್ಷಾರವೇ ಇದೆ. ಹೊಟ್ಟೆಯ ಹುಳಿಯನ್ನು ಅದು ತಣಿಸುತ್ತದೆ. ಹುಲ್ಲು ಇದ್ದರೆ ಮೆಲುಕು, ಮೆಲುಕಿದ್ದರೆ ಜೊಲ್ಲು. ಹುಲ್ಲು ಕಡಿಮೆ, ಹಿಂಡಿ ಜಾಸ್ತಿಯಾದರೆ ಹುಳಿ ಏರುತ್ತದೆ, ತಣಿಸಲು ಜೊಲ್ಲಿಲ್ಲ. ನಾರು ಒಡೆಯುವ ಜೀವಿಗಳು ಹುಳಿ ತಾಳಲಾರವು. ಹಾಲಿನ ಕೊಬ್ಬು ತಯಾರಾಗಲು ಬೇಕಾದ ಅಸಿಟಿಕ್ ಆಮ್ಲ ಹೆಚ್ಚಾಗಿ ಬರುವುದು ನಾರಿನಿಂದ. ನಾರು ಒಡೆಯದಿದ್ದರೆ ಫ್ಯಾಟ್ ಎಲ್ಲಿಂದ ಬರಬೇಕು? ಸಂಘದ ಯಂತ್ರ ಸರಿಯಾಗಿಯೇ ಇತ್ತು. ಅದೇ ಹುಳಿ ಗೊರಸಿಗೂ ಇಳಿದು ಹಸು ಕುಂಟಿತು.

ಅವರಿಗೆ ಹೇಳಿದ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ. 400 ಕಿಲೋ ತೂಗುವ, ದಿನಕ್ಕೆ 10 ಲೀಟರ್ ಕರೆಯುವ ಮಿಶ್ರತಳಿ ಹಸು ಇದೆ ಎನ್ನಿ. ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ, ತನ್ನ ತೂಕದ ನೂರಕ್ಕೆ ಎರಡೂವರೆಯಿಂದ ಮೂರು ಪಾಲು, ಅಂದರೆ 10ರಿಂದ 12 ಕಿಲೋ ಒಣ ಪದಾರ್ಥ ಅದು ತಿನ್ನಬಲ್ಲದು. ಹಿಂಡಿ: ದೇಹಕ್ಕೆ ಒಂದೂವರೆ ಕಿಲೋ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ಒಟ್ಟು ಐದೂವರೆ ಕಿಲೋ. ಹಸಿಮೇವು 20 ಕಿಲೋ. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ, ಒಣ ಪದಾರ್ಥ ನಾಲ್ಕು ಕಿಲೋ ಅಷ್ಟೆ. ಒಣಹುಲ್ಲು ಮೂರು ಕಿಲೋ. ಎಲ್ಲ ಸೇರಿ ಹನ್ನೆರಡರ ಒಳಗೆ ಬಂತು. ಒಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಹುಲ್ಲು ಮೇವೇ ಇರುವಂತೆ ನೋಡಿಕೊಳ್ಳಿ. ಹಿಂಡಿಯನ್ನು ಒಂದೇ ಸಲ ಸುರಿಯದೆ ಮೂರು ನಾಲ್ಕು ಸಲ ಹಂಚಿ. ಮೊದಲು ಹುಲ್ಲು, ಆಮೇಲೆ ಹಿಂಡಿ. ಏರಿಸುವುದಾದರೂ ಇಳಿಸುವುದಾದರೂ ಹತ್ತು ಹದಿನೈದು ದಿನ ಹಿಡಿದು ಸ್ವಲ್ಪ ಸ್ವಲ್ಪವೇ ಮಾಡಿ. ಒಳಗಿನ ಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಅಷ್ಟು ದಿನ ಬೇಕು. ನೀರು ಯಾವಾಗಲೂ ಮುಂದೆ ಇರಲಿ.

ಆ ಅಣ್ಣನ ಹಸು ಒಂದು ತಿಂಗಳಲ್ಲಿ ಮತ್ತೆ ಹತ್ತು ಲೀಟರಿಗೆ ಬಂತು, ಫ್ಯಾಟ್ ಏರಿತು. ಹದಿನೈದು ಆಗಲಿಲ್ಲ. ಆ ಹಸುವಿನ ಅಳತೆ ಹತ್ತೇ. ದಿನಕ್ಕೆ ಮೂರೂವರೆ ಕಿಲೋ ಹಿಂಡಿಯ ಖರ್ಚು ಉಳಿಯಿತು. ಹುಲ್ಲಿನ ಕೊರತೆಗೆ ಅವರ ತೋಟದಲ್ಲೇ ಬಿದ್ದು ಕೊಳೆಯುತ್ತಿದ್ದ ಅಡಿಕೆ ಹಾಳೆಯನ್ನು ಒಣಗಿಸಿ ಯಂತ್ರದಲ್ಲಿ ಹುಡಿ ಮಾಡಿ ಕೊಟ್ಟರು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣಾ ಸಂಸ್ಥೆಯವರು ಈ ಹಾಳೆಯನ್ನು ಒಣಮೇವಾಗಿ ಬಳಸುವ ಬಗ್ಗೆ ಕೆಲಸ ಮಾಡಿದ್ದಾರೆ. ನಿಮ್ಮಲ್ಲಿ ಹಾಳೆ ಇಲ್ಲ, ಆದರೆ ಬದುವಿನಲ್ಲಿ ಸುಟ್ಟು ಹಾಕುವ ಕಬ್ಬಿನ ವಾಡೆ ಇದೆ, ಕಣದಲ್ಲಿ ತೂರಿ ಬಿಡುವ ತೊಗರಿ ಹೊಟ್ಟು ಇದೆ. ಕಣ್ಣು ಅಲ್ಲಿಗೂ ಹೋಗಲಿ.

ಇದೇ ಲೆಕ್ಕವನ್ನು ನಾಡತಳಿಗೆ ಹಾಕಬೇಡಿ. ಕರಾವಳಿ ಮಲೆನಾಡಿನಲ್ಲಿ ಮಲೆನಾಡು ಗಿಡ್ಡ ಎನ್ನುವ ಪುಟ್ಟ ದನವಿದೆ. ಗುಡ್ಡದ ಹುಲ್ಲು ಮೇದು, ಮನೆ ಮಟ್ಟಿಗೆ ಒಂದೆರಡು ಲೀಟರ್ ಹಾಲು ಕೊಟ್ಟು ಬದುಕುತ್ತದೆ. ಪಕ್ಕದ ಮನೆಯ ಜರ್ಸಿಗೆ ಹಾಕಿದಷ್ಟು ಹಿಂಡಿಯನ್ನು ಅದಕ್ಕೆ ಹಾಕಿದರೆ ಅದು ಜರ್ಸಿ ಆಗುವುದಿಲ್ಲ, ಕಾಯಿಲೆ ಬೀಳುತ್ತದೆ. ಪ್ರತಿ ಜೀವಕ್ಕೂ ಅದರದೇ ಅಳತೆ.

ಇನ್ನು ಮೂರನೆಯದು. ಇದು ಬಂಟ್ವಾಳದ್ದು. ಹೇಳಲು ನನಗೆ ಈಗಲೂ ಸಂಕಟ.

ನೇತ್ರಾವತಿಯ ಈಚೆ ದಡದ ಒಂದು ಮನೆಯಲ್ಲಿ ಗೃಹಪ್ರವೇಶ. ಆ ಮನೆಯ ಹಸುಗಳಿಗೆ ನಾನೇ ಡಾಕ್ಟರಾದ್ದರಿಂದ ನನ್ನನ್ನೂ ಕರೆದಿದ್ದರು. ಐನೂರು ಜನಕ್ಕೆ ಅಡುಗೆ, ಮಳೆ ಬಂದು ಮುನ್ನೂರೇ ಜನ ಬಂದರು. ಅನ್ನ ಉಳಿಯಿತು, ಪಾಯಸ ಉಳಿಯಿತು. ನಾನು ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆ. ಇಬ್ಬರು ಹುಡುಗರು ಅನ್ನದ ದೊಡ್ಡ ಬಕೆಟ್ ಎತ್ತಿಕೊಂಡು ಹಟ್ಟಿಯ ಕಡೆ ಹೋದುದನ್ನು ನನ್ನ ಈ ಕಣ್ಣಿನಿಂದ ನೋಡಿದೆ. ಮನೆಯ ಹಿರಿಯಮ್ಮ, “ಚೆಲ್ಲುವುದು ಬೇಡ, ಅನ್ನ ಅಲ್ವಾ, ದನಗಳಾದರೂ ಹೊಟ್ಟೆ ತುಂಬಾ ತಿನ್ನಲಿ” ಎಂದರು. ಎದ್ದು ಹೋಗಿ ತಡೆಯಬೇಕು ಎನಿಸಿತು. ಶುಭಕಾರ್ಯದ ಮನೆ, ಹಿರಿಯರ ಮಾತು, ಕೈ ಎಂಜಲು. ಸ್ವಲ್ಪವೇ ಹಾಕುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನೆ ಕೂತೆ.

ಮರುದಿನ ಬೆಳಿಗ್ಗೆ ಕರಾವಿನ ಹಸು ಏಳಲಿಲ್ಲ. ಮನೆಯವರು ನನ್ನನ್ನು ಮೊದಲು ಕರೆಯಲಿಲ್ಲ. ಅಷ್ಟು ಜನ ಬಂದು ಹೋಗಿದ್ದಾರೆ, ಹಸುವಿಗೆ ದೃಷ್ಟಿ ತಾಗಿದೆ ಎಂದು ನೂಲು ಕಟ್ಟಿಸಿದರು, ಮೆಣಸು ಇಳಿ ತೆಗೆದರು. ಮಧ್ಯಾಹ್ನ ದಾಟಿದ ಮೇಲೆ ನನಗೆ ಹೇಳಿ ಬಂತು. ಹೋದಾಗ ಕಣ್ಣು ಒಳಗೆ ಹೋಗಿತ್ತು, ಮೈ ತಣ್ಣಗಾಗಿತ್ತು. ಬಾಟಲಿಗಳನ್ನು ಏರಿಸಿದೆ, ಸೋಡಾ ಕೊಟ್ಟೆ, ರಾತ್ರಿಯವರೆಗೆ ಕೂತೆ. ಉಳಿಯಲಿಲ್ಲ.

ಬೇಯಿಸಿದ ಅನ್ನ ಎಂದರೆ ಬರೀ ಪಿಷ್ಟ. ಅಭ್ಯಾಸವಿಲ್ಲದ ಹಸು ಒಮ್ಮೆಲೇ ಬಹಳ ತಿಂದರೆ ಅದು ಕೆಲವೇ ಗಂಟೆಗಳಲ್ಲಿ ಹುದುಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಹುಳಿಗೆ ಹೊಟ್ಟೆಯ ಒಳ್ಳೆಯ ಜೀವಿಗಳೆಲ್ಲ ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಆಮ್ಲ ರಕ್ತ ಸೇರುತ್ತದೆ. ಹಸು ಒಂದೆರಡು ದಿನದಲ್ಲಿ ಸಾಯಬಹುದು. ಅದು ಯಾರ ದೃಷ್ಟಿಯೂ ಅಲ್ಲ. ನಾವು ಪ್ರೀತಿಯಿಂದ ಇಟ್ಟ ಬಕೆಟ್. ಆ ಹಿರಿಯಮ್ಮನ ತಪ್ಪೂ ಅಲ್ಲ, ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು. ನಾನು ಪಂಕ್ತಿಯಲ್ಲಿ ಕೂತಿದ್ದೆ. ಆ ಮಾತನ್ನು ಅವರಿಗೆ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಹೇಳಿದಾಗ ಅವರು, “ಆವತ್ತೇ ಹೇಳಬಾರದಿತ್ತಾ ಡಾಕ್ಟ್ರೇ” ಎಂದಷ್ಟೇ ಅಂದರು.

ಶರಣ ಬಂಧುಗಳೇ, ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಗೋಷ್ಠಿಗೆ ಬರುವ ಮೊದಲು ಇಂದು ಮಠದ ಕೊಟ್ಟಿಗೆಗೆ ಹೋಗಿದ್ದೆ. ದನಗಳನ್ನು ಚೊಕ್ಕಟವಾಗಿ ಇಟ್ಟಿದ್ದಾರೆ. ಗೋದಲಿಯ ಪಕ್ಕದಲ್ಲಿ ಮಧ್ಯಾಹ್ನದ ದಾಸೋಹದಲ್ಲಿ ಉಳಿದ ಅನ್ನದ ಬುಟ್ಟಿ ಇತ್ತು. ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. ದಿನವೂ ಸ್ವಲ್ಪ ಹಾಕುತ್ತೇವೆ, ಜಾತ್ರೆಯ ದಿನ ಬಹಳ ಉಳಿಯುತ್ತದೆ, ಅವತ್ತು ಎಲ್ಲವನ್ನೂ ಹಾಕುತ್ತೇವೆ ಎಂದ. ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಜಾತ್ರೆಯ ದಿನದ ಅನ್ನ ಕೊಟ್ಟಿಗೆಗೆ ಹೋಗುವುದು ಬೇಡ. ಉಳಿದ ಅನ್ನ ಮನುಷ್ಯರಿಗೆ ತಲುಪಲಿ. ತಲುಪದೆ ಉಳಿದು ಕೆಟ್ಟದ್ದು ಗೊಬ್ಬರದ ಗುಂಡಿಗೆ ಹೋಗಲಿ. ದಿನದ ಒಂದೆರಡು ಹಿಡಿ ಹಾಕುವುದಿದ್ದರೆ ಹುಲ್ಲು ತಿಂದ ಮೇಲೆ ಹಾಕಲಿ. ಕಾರಹುಣ್ಣಿಮೆಗೆ, ದೀಪಾವಳಿ ಪಾಡ್ಯಕ್ಕೆ ಎತ್ತು ಆಕಳಿಗೆ ಹೋಳಿಗೆ ತಿನ್ನಿಸುವವರಿಗೂ ಇದೇ ಮಾತು. ಒಂದು ತುತ್ತು ಸಾಕು. ಮನೆಗೆ ಬಂದ ಹತ್ತು ಜನರೂ ಒಂದೊಂದು ತಟ್ಟೆ ತಿನ್ನಿಸುವುದು ಬೇಡ. ಪುಣ್ಯ ನಮಗೆ, ಹೊಟ್ಟೆನೋವು ಅದಕ್ಕೆ ಎನ್ನುವಂತಾಗಬಾರದು.

ದನ ಅನ್ನವನ್ನೋ ಕಾಳನ್ನೋ ಬಹಳ ತಿಂದದ್ದು ಗೊತ್ತಾದರೆ, ಅದು ನಿಂತಿದ್ದಾಗಲೇ ಡಾಕ್ಟರಿಗೆ ಹೇಳಿ ಕಳಿಸಿ. 1962 ಸಂಖ್ಯೆಗೆ ಫೋನು ಮಾಡಿದರೆ ಪಶು ಸಂಜೀವಿನಿಯವರು ಸಿಗುತ್ತಾರೆ. ಅಲ್ಲಿಯವರೆಗೆ ಹಿಂಡಿ, ಕಾಳು ಏನೂ ಬೇಡ, ಒಣಹುಲ್ಲು ಮಾತ್ರ ಮುಂದಿಡಿ. ಮಲಗಿದ ದನಕ್ಕೆ ಗೊಟ್ಟದಲ್ಲಿ ಎಣ್ಣೆಯನ್ನೋ ಕಷಾಯವನ್ನೋ ಒತ್ತಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನೂಲು ಕಟ್ಟಿಸುವ ಹೊತ್ತಿನಲ್ಲಿ ಜೀವ ಉಳಿಸಬಹುದು.

ಕೊನೆಯ ಮಾತು ಶರಣೆಯರಿಗೆ. ನಾನು ತಿರುಗಿದ ಹಟ್ಟಿಗಳಲ್ಲಿ ಹಾಲಿನ ಪುಸ್ತಕ ಎಷ್ಟೋ ಕಡೆ ಗಂಡಸರ ಹೆಸರಿನಲ್ಲಿತ್ತು, ಸಗಣಿ ಬಾಚುವ ಕೈ ಹೆಣ್ಣುಮಕ್ಕಳದಾಗಿತ್ತು. ಹಸುವಿನ ಹೊಟ್ಟೆಯೊಳಗೆ ಏನಾಗುತ್ತಿದೆ ಎನ್ನುವುದು ಮೊದಲು ಗೊತ್ತಾಗುವುದು ನಿಮಗೇ. ನಾಳೆ ಬೆಳಿಗ್ಗೆ ಮೂರು ಸಂಗತಿ ನೋಡಿ. ಸಗಣಿ ಹದವಾಗಿ ಗುಪ್ಪೆಯಾಗಿ ಬಿದ್ದಿದೆಯೋ, ಹರಡಿ ಹರಿದಿದೆಯೋ, ಗಟ್ಟಿ ಉಂಡೆಯಾಗಿದೆಯೋ? ಜರಡಿಯಲ್ಲಿ ತೊಳೆದರೆ ಕಾಳು ಉಳಿಯುತ್ತದೆಯೋ? ಮಲಗಿದ ಹಸು ಒಂದು ತುತ್ತಿಗೆ ಐವತ್ತು ಅರವತ್ತು ಸಲ ಮೆಲುಕು ಹಾಕುತ್ತದೆಯೋ? ಈ ಮೂರನ್ನು ನೋಡಿ ಹೇಳುವ ಮಾತಿಗೆ ಮನೆಯ ಗಂಡಸರು ಕಿವಿಗೊಟ್ಟರೆ, ಹಿಂಡಿಯ ಎಷ್ಟೋ ಖರ್ಚು ಉಳಿಯುತ್ತದೆ. ಎಷ್ಟು ಹಾಕಿದೆವು ಎಂದು ಚೀಲ ಹೇಳುತ್ತದೆ, ಎಷ್ಟು ಮೈಗೆ ಹತ್ತಿತು ಎಂದು ಸಗಣಿ ಹೇಳುತ್ತದೆ.

ಬಂಟ್ವಾಳದಲ್ಲಿ ಅಂದು ಪಂಕ್ತಿಯಲ್ಲಿ ಕೂತು ಸುಮ್ಮನಿದ್ದೆ. ಇಂದು ನಿಮ್ಮ ಮುಂದೆ ಹೇಳಿದ್ದೇನೆ. ಇನ್ನು ಸ್ವಲ್ಪ ಹೊತ್ತಿಗೆ ನಾವೆಲ್ಲ ಪ್ರಸಾದಕ್ಕೆ ಕೂರುತ್ತೇವೆ. ಯಾವುದಾದರೂ ಬಕೆಟ್ ಕೊಟ್ಟಿಗೆಯ ಕಡೆ ಹೊರಟದ್ದು ಕಂಡರೆ, ಕೈ ಎಂಜಲಾಗಿದ್ದರೂ ಸರಿಯೇ, ಎದ್ದು ಕೇಳಿ.